ಫಂಡಿಂಗ್ ಬೇಡ ಸ್ವಾಮಿ, ಮೊದಲು ಬಿಲ್ ಪಾಸ್ ಮಾಡಿ!

ದಾವಣಗೆರೆಯಲ್ಲಿ ಈಗ ಕಾಲೇಜು ಮುಗಿಸಿದ ಹುಡುಗರನ್ನು ಮಾತಾಡಿಸಿದರೆ ಬಾಯಲ್ಲಿ ಒಂದೇ ಪದ: ‘ಫಂಡಿಂಗ್’. ಏನಪ್ಪಾ ಮಾಡ್ತಿದೀಯ ಅಂದ್ರೆ ‘ಸ್ಟಾರ್ಟಪ್’ ಅಂತಾನೆ. ಏನು ಮಾರ್ತೀಯ ಅಂದ್ರೆ ‘ಇನ್ನೂ ಏನೂ ಮಾರಿಲ್ಲ, ಫಂಡಿಂಗ್‌ಗೆ ಕಾಯ್ತಿದೀನಿ’ ಅಂತಾನೆ. ಬೆಂಗಳೂರಿನಿಂದ ಯಾರೋ ಹೂಡಿಕೆದಾರ ಬರ್ತಾನಂತೆ, ಕೋಟಿಗಟ್ಟಲೆ ಸುರೀತಾನಂತೆ, ಆಮೇಲೆ ಶುರುವಂತೆ. ಗಾಡಿ ಸಿದ್ಧವಾಗಿದೆ, ಎತ್ತು ಬರಬೇಕು ಅಷ್ಟೆ!

ಅದೇ ಹೊತ್ತಿಗೆ, ಅದೇ ಊರಲ್ಲಿ, ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ಬೆವರು ಸುರಿಸ್ತಾ ನಿಂತ ಸಂಸಾರಗಳಿವೆ. ಮನೆಯಲ್ಲೇ ರೊಟ್ಟಿ ಬಡಿದು, ಹಪ್ಪಳ ಲಟ್ಟಿಸಿ, ಅಂಗಡಿ ಅಂಗಡಿಗೆ ಹೊತ್ತು ಕೊಡುವ ಹೆಣ್ಣುಮಕ್ಕಳಿದ್ದಾರೆ. ಇವರಾರಿಗೂ ಸ್ಟಾರ್ಟಪ್ ಅನ್ನೋ ಬಿರುದಿಲ್ಲ. ಇವರ ಫೋಟೋ ಹಾಕಿ ಯಾರೂ ಸಮಾವೇಶ ಮಾಡೋದಿಲ್ಲ. ಆದರೆ ಸ್ವಂತ ದುಡ್ಡಿನಲ್ಲಿ, ಗಿರಾಕಿಯ ದುಡ್ಡಿನಲ್ಲಿ ಉದ್ಯಮ ಕಟ್ಟೋದು ಅಂದ್ರೆ ಏನು ಅಂತ ಕೇಳಿದರೆ ಉತ್ತರ ಇವರ ಹತ್ತಿರ ಇದೆ.

ಹಾಗಾದರೆ ಇವರು ಯಾಕೆ ಮೇಲೆ ಬರ್ತಿಲ್ಲ? ಹೂಡಿಕೆದಾರ ಸಿಗಲಿಲ್ಲ ಅಂತಲ್ಲ. ಮಾರಿದ ಮಾಲಿನ ದುಡ್ಡು ಹೊತ್ತಿಗೆ ಕೈಗೆ ಬರಲಿಲ್ಲ ಅಂತ. ಈ ಲೇಖನದ ಮಾತು ಇಷ್ಟೇ. ಉಳಿದದ್ದು ಲೆಕ್ಕ.

ಯಾರ ಫಂಡಿಂಗ್‌ನಿಂದ ಬೆಳೆದವು?

ನಮ್ಮೂರಿನ ಬೆಣ್ಣೆ ದೋಸೆಯನ್ನೇ ತಗೊಳ್ಳಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕ ಥಿಯೇಟರಿನ ಬಳಿ ದೋಸೆ ಹಾಕಲು ಕೂತದ್ದೇ ಇದಕ್ಕೆ ಆರಂಭ ಅಂತ ಊರಿನ ಹಿರಿಯರು ಹೇಳ್ತಾರೆ. ಇವತ್ತು ಬೆಂಗಳೂರಿನ ಬೀದಿ ಬೀದಿಯಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ಕಾಣುತ್ತದೆ. ಆ ಹೆಸರಿಗೆ ಬಂಡವಾಳ ಹಾಕಿದವರು ಯಾರು? ದೋಸೆ ತಿಂದು, ಕೈ ತೊಳೆದು, ಕಾಸು ಕೊಟ್ಟು ಹೋದ ಗಿರಾಕಿಗಳು. ಅಷ್ಟೆ.

1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಸಾರಿಗೆ ಧಂದೆ ಶುರು ಮಾಡಿದ್ದು ಒಂದೇ ಲಾರಿಯಿಂದ. ಆಮೇಲೆ ಬೆಳೆದು, ಷೇರು ಪೇಟೆಗೆ ಹೋಗಿ ಜನರಿಂದ ಬಂಡವಾಳ ಎತ್ತಿದ್ದು 2015ರಲ್ಲಿ. ಮೊದಲ ಲಾರಿಗೂ ಷೇರು ಪೇಟೆಗೂ ನಡುವೆ ಸುಮಾರು 40 ವರ್ಷದ ಬಾಡಿಗೆ ದುಡಿಮೆ ಇದೆ.

ಇನ್ಫೋಸಿಸ್ ಕತೆ ಎಲ್ಲರಿಗೂ ಗೊತ್ತು. 1981ರಲ್ಲಿ ಏಳು ಜನ ಸೇರಿ ಶುರು ಮಾಡಿದಾಗ ಇದ್ದ ಹಣ ಸುಧಾ ಮೂರ್ತಿಯವರು ಕೊಟ್ಟ 10 ಸಾವಿರ ರೂಪಾಯಿ. ಕಂಪ್ಯೂಟರ್ ಕೆಲಸದ ಕಂಪನಿ, ಆದರೆ ಶುರುವಿನಲ್ಲಿ ಸ್ವಂತ ಕಂಪ್ಯೂಟರೇ ಇರಲಿಲ್ಲ! ಅಮೆರಿಕದ ಗಿರಾಕಿಯ ಬಳಿಗೆ ಹೋಗಿ, ಅವರ ಯಂತ್ರದ ಮೇಲೇ ಕೆಲಸ ಮಾಡಿಕೊಟ್ಟು, ಅದರ ಕೂಲಿಯಿಂದ ಮುಂದೆ ಬಂದರು. ಷೇರು ಪೇಟೆಗೆ ಹೋದದ್ದು 1993ರಲ್ಲಿ.

ಹಳೇ ಕಾಲದ ಮಾತು ಬಿಡ್ರೀ ಅಂತೀರಾ? ಸರಿ, ಹೊಸದನ್ನೇ ನೋಡಿ. ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಜೆರೋಧಾ ಆರಂಭಿಸಿದರು. ಷೇರು ಕೊಳ್ಳುವ, ಮಾರುವ ವ್ಯವಹಾರ. ಹೊರಗಿನ ಹೂಡಿಕೆದಾರರಿಂದ ಬಂಡವಾಳ ತೆಗೆದುಕೊಳ್ಳದೆ ದೇಶದ ದೊಡ್ಡ ಬ್ರೋಕರ್ ಕಂಪನಿಗಳಲ್ಲಿ ಒಂದಾಯಿತು. ಗಿರಾಕಿ ಕೊಟ್ಟ ಕಮಿಷನ್‌ನಿಂದ ಸಂಬಳ, ಉಳಿದದ್ದರಿಂದ ಬೆಳವಣಿಗೆ. ನಮ್ಮ ಮಂಡಿಪೇಟೆಯ ದಲ್ಲಾಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹೂಡಿಕೆದಾರ ಧರ್ಮಕ್ಕೆ ಕೊಡೋದಿಲ್ಲ

ಹೂಡಿಕೆದಾರರನ್ನು ಬೈಯುವುದು ಇಲ್ಲಿನ ಉದ್ದೇಶವಲ್ಲ. ಅವರ ಲೆಕ್ಕ ಅವರಿಗೆ. ಆ ಲೆಕ್ಕ ಏನು ಅಂತ ನಮ್ಮ ಹುಡುಗರಿಗೆ ತಿಳಿದಿರಲಿ ಅಷ್ಟೆ.

ಅವರು ತರುವುದು ಬಹುಪಾಲು ಬೇರೆಯವರ ದುಡ್ಡು. ಅದನ್ನು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಲಾಭ ಸಮೇತ ವಾಪಸ್ ಮಾಡಬೇಕು. ಹಾಕಿದ ಹತ್ತು ಕಂಪನಿಯಲ್ಲಿ ಬಹಳಷ್ಟು ಮುಳುಗುತ್ತವೆ ಅನ್ನೋದು ಅವರಿಗೆ ಮೊದಲೇ ಗೊತ್ತು. ಅದಕ್ಕೇ ಗೆಲ್ಲುವ ಒಂದೆರಡು ಹತ್ತು ಪಟ್ಟು, ಐವತ್ತು ಪಟ್ಟು ಬೆಳೆಯಬೇಕು. ವರ್ಷಕ್ಕೆ ನೂರಕ್ಕೆ ಹದಿನೈದು ಲಾಭ ತಂದು, ಹತ್ತು ಜನಕ್ಕೆ ಸಂಬಳ ಕೊಟ್ಟು, ಮಕ್ಕಳನ್ನು ಓದಿಸುವ ಧಂದೆ ನಮಗೆ ಬಂಗಾರ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಲಸಿಕೆ ಕಂಡುಹಿಡಿಯೋರಿಗೆ, ಚಿಪ್ ತಯಾರು ಮಾಡೋರಿಗೆ ವರ್ಷಗಟ್ಟಲೆ ಆದಾಯವೇ ಇರೋದಿಲ್ಲ. ಅಂಥವರಿಗೆ ಇಂಥ ಬಂಡವಾಳ ಬೇಕೇ ಬೇಕು. ಖಾರಾ ಮಂಡಕ್ಕಿ ಪ್ಯಾಕೆಟ್ ಮಾಡೋನಿಗೆ ಯಾಕೆ?

ಬಂದ ದುಡ್ಡೆಲ್ಲ ಒಳ್ಳೇದೇ ಮಾಡುತ್ತೆ ಅಂತಲೂ ಇಲ್ಲ. ಬೈಜೂಸ್ ಕಂಪನಿಗೆ 2022ರಲ್ಲಿ ಹೂಡಿಕೆದಾರರು ಕಟ್ಟಿದ ಬೆಲೆ 22 ಶತಕೋಟಿ ಡಾಲರ್. ಭಾರತ ಕ್ರಿಕೆಟ್ ತಂಡದ ಎದೆ ಮೇಲೆ ಅದರ ಹೆಸರಿತ್ತು. 2024ರ ಜುಲೈನಲ್ಲಿ ಅದೇ ಕ್ರಿಕೆಟ್ ಮಂಡಳಿ, 158 ಕೋಟಿ ರೂಪಾಯಿ ಬಾಕಿ ಬಂದಿಲ್ಲ ಅಂತ ಹಾಕಿದ ಅರ್ಜಿಯ ಮೇಲೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶ ಕೊಟ್ಟಿತು. ಸಾವಿರಾರು ಕೋಟಿ ಬಂದ ಕಂಪನಿಯನ್ನು ಕಟಕಟೆಗೆ ಎಳೆದದ್ದು ಕಟ್ಟದೆ ಬಿಟ್ಟ ಒಂದು ಬಿಲ್ಲು! ಬಾಕಿ ಉಳಿದ ಬಿಲ್ಲಿನ ಶಕ್ತಿ ಅಂಥಾದ್ದು. ದೊಡ್ಡವರು ಕೊಡದಿದ್ದಾಗ ಕ್ರಿಕೆಟ್ ಮಂಡಳಿ ವಕೀಲರನ್ನು ಇಡುತ್ತೆ. ನಮ್ಮ ರೊಟ್ಟಿ ಅಮ್ಮ ಯಾರನ್ನು ಇಡಬೇಕು?

40 ಸಾವಿರದ ಒಂದು ಲೆಕ್ಕ

ಅಂಗಡಿಕಾರರೇ, ಪೆನ್ನು ತಗೊಳ್ಳಿ. ಇದು ಯಾವೊಬ್ಬರ ಕತೆಯೂ ಅಲ್ಲ, ಬರೀ ಲೆಕ್ಕ.

ಒಬ್ಬ ಹುಡುಗ 40 ಸಾವಿರ ಕೂಡಿಟ್ಟು ಖಾರಾ ಮಂಡಕ್ಕಿ ಪ್ಯಾಕೆಟ್ ಮಾಡಲು ಹೊರಟ ಅಂತಿಟ್ಟುಕೊಳ್ಳಿ. ಮಂಡಕ್ಕಿ, ಎಣ್ಣೆ, ಪುಟಾಣಿ, ಕವರು, ಕೂಲಿ ಎಲ್ಲ ಸೇರಿ ಒಂದು ಸುತ್ತಿಗೆ 40 ಸಾವಿರ ಖರ್ಚು. ಮಾರಿದರೆ 44 ಸಾವಿರ. ಒಂದು ಸುತ್ತಿಗೆ ಉಳಿತಾಯ 4 ಸಾವಿರ.

ದುಡ್ಡು ಹತ್ತು ದಿನದಲ್ಲಿ ವಾಪಸ್ ಬಂದರೆ ತಿಂಗಳಿಗೆ ಮೂರು ಸುತ್ತು. ಅಂದ್ರೆ 12 ಸಾವಿರ. ಶ್ರೀಮಂತಿಕೆ ಅಲ್ಲ, ಆದರೆ ನಿಲ್ಲುತ್ತೆ, ಮೆಲ್ಲಗೆ ಬೆಳೆಯುತ್ತೆ.

ಅದೇ ದುಡ್ಡು 60 ದಿನಕ್ಕೆ ಬಂದರೆ? ಎರಡು ತಿಂಗಳಿಗೆ ಒಂದೇ ಸುತ್ತು. ತಿಂಗಳಿಗೆ ಬಿದ್ದದ್ದು 2 ಸಾವಿರ. ಮಾಲು ಅದೇ, ರುಚಿ ಅದೇ, ಗಿರಾಕಿಯೂ ಅವನೇ. ಬದಲಾದದ್ದು ದುಡ್ಡು ಬರುವ ದಿನ ಒಂದೇ.

ಇಲ್ಲ, ನಾನು ಹತ್ತು ದಿನಕ್ಕೊಂದು ಸುತ್ತು ಹೊಡೆದೇ ಹೊಡೀತೀನಿ ಅಂತ ಅವನು ಹಟ ಹಿಡಿದ ಅನ್ನಿ. ಆಗ ಆರು ಸುತ್ತಿನ ದುಡ್ಡು ಸದಾ ಹೊರಗೇ ಸಿಕ್ಕಿಹಾಕಿಕೊಂಡಿರುತ್ತೆ. ಬೇಕಾಗುವುದು 2 ಲಕ್ಷ 40 ಸಾವಿರ. ಕೈಯಲ್ಲಿರೋದು 40. ಉಳಿದ 2 ಲಕ್ಷ ಸಾಲ. ಬ್ಯಾಂಕಿನವರು ಇವತ್ತು ಬಾ ನಾಳೆ ಬಾ ಅಂದರೆ ಕೈಗಡ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಂದರೂ 10 ಸಾವಿರ. ದುಡಿದ 12 ಸಾವಿರದಲ್ಲಿ ಬಡ್ಡಿಗೆ 10 ಹೋಯಿತು, ಉಳಿದದ್ದು ಮತ್ತದೇ 2 ಸಾವಿರ!

ಅಂದ್ರೆ ಏನಾಯಿತು? ಹುಡುಗ ತನಗಾಗಿ ದುಡಿಯಲಿಲ್ಲ, ಬಡ್ಡಿಯವನಿಗಾಗಿ ದುಡಿದ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಮಾಲು ತಗೊಂಡು 60 ದಿನ ದುಡ್ಡು ಕೊಡದವನಿಗೆ ಈ ಹುಡುಗ ಬಡ್ಡಿಯಿಲ್ಲದ ಸಾಲ ಕೊಟ್ಟ. ಇಲ್ಲಿ ಹೂಡಿಕೆದಾರ ಯಾರು ಸ್ವಾಮಿ? ಬಡ ಹುಡುಗನೇ ದೊಡ್ಡವರ ಧಂದೆಗೆ ಫಂಡಿಂಗ್ ಮಾಡ್ತಿದ್ದಾನೆ!

ಇದರ ಮೇಲೆ ಜಿಎಸ್‌ಟಿ. ನೋಂದಣಿ ಇದ್ದು ತಿಂಗಳ ರಿಟರ್ನ್ ಹಾಕುವವರು ಬಿಲ್ ಹರಿದ ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟನೋ ಬಿಟ್ಟನೋ, ಸರ್ಕಾರ ಕೇಳೋದಿಲ್ಲ. ಬಾರದ ದುಡ್ಡಿಗೂ ಕೈಯಿಂದ ತೆರಿಗೆ.

ನಿತ್ಯ ಬಸ್ಸಿನಲ್ಲಿ ಓಡಾಡುವವರು ಇದರ ಇನ್ನೊಂದು ಮುಖ ನೋಡಿಯೇ ಇರ್ತೀರಿ. ನಿಲ್ದಾಣದಲ್ಲಿ ಬಸ್ಸಿನ ಕಿಟಕಿಗೆ ಕಡಲೆಕಾಯಿ, ಸೌತೆಕಾಯಿ ಹಿಡಿದು ಓಡಿಬರುವ ಹುಡುಗ ಯಾರಿಗೂ ಉದ್ರಿ ಕೊಡೋದಿಲ್ಲ. ಕಂಡಕ್ಟರ್ ಸೀಟಿ ಊದುವುದರೊಳಗೆ ಮಾಲೂ ಕೈಬಿಟ್ಟಿತು, ದುಡ್ಡೂ ಕೈಸೇರಿತು. ಬೆಳಗ್ಗೆ ತಂದ ಬುಟ್ಟಿಯ ಬಂಡವಾಳ ಸಂಜೆಗೆ ವಾಪಸ್. ಅವನ ಧಂದೆ ಚಿಕ್ಕದಿರಬಹುದು, ಆದರೆ ಲೆಕ್ಕ ಗಟ್ಟಿ. ಅವನು ಬೆಳೆದು ಅಂಗಡಿಗಳಿಗೆ, ಹಾಸ್ಟೆಲುಗಳಿಗೆ, ಕಚೇರಿಗಳಿಗೆ ಮಾಲು ಹಾಕಲು ಹೋದ ದಿನವೇ ಉದ್ರಿಯ ಕೆಸರಿಗೆ ಕಾಲಿಟ್ಟ ಅಂತ ಲೆಕ್ಕ.

ಕಾನೂನು ಇದೆ, ಗೊತ್ತಿರೋರು ಕಡಿಮೆ

ಇದಕ್ಕೆ ಕಾನೂನು ಇಲ್ಲವೇ? ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮದವರಿಗೆ ಈ ರಕ್ಷಣೆ ಕೊಟ್ಟಿದೆ. ಲಿಖಿತ ಕರಾರು ಇಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದೊಳಗೆ ದುಡ್ಡು ಕೊಡಬೇಕು. ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ತಕರಾರಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. 2017ರಿಂದ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ದೂರು ಹಾಕುವ ಅನುಕೂಲ ಬಂದಿದೆ. ಕೌನ್ಸಿಲ್ ತೀರ್ಪಿನ ಮೇಲೆ ಕೋರ್ಟಿಗೆ ಹೋಗಬೇಕಾದರೆ ಕೊಳ್ಳುಗ ಮೊದಲು ತೀರ್ಪಿನ ಹಣದ ನೂರಕ್ಕೆ 75 ಭಾಗ ಠೇವಣಿ ಇಡಬೇಕು.

2023ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ಬಿಗಿ ಸೇರಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ, ಇಂಥ ಸಣ್ಣವರಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಕೊಳ್ಳುಗ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಕೊಟ್ಟ ವರ್ಷವೇ ಕಳೆಯಬೇಕು.

ಇಷ್ಟೆಲ್ಲ ಇದ್ದರೂ ಬಿಲ್ಲು ಯಾಕೆ ಕೊಳೀತವೆ? ಎರಡು ಕಾರಣ. ಒಂದು, ಬಹಳ ಜನ ಉದ್ಯಮ ನೋಂದಣಿಯನ್ನೇ ಮಾಡಿಸಿಲ್ಲ. 2020ರ ಜುಲೈನಿಂದ ‘ಉದ್ಯಮ್’ ಹೆಸರಿನಲ್ಲಿ ಆಧಾರ್ ಮೇಲೆ ಪುಕ್ಕಟೆಯಾಗಿ ಮಾಡಿಕೊಡ್ತಾರೆ. ಮಧ್ಯವರ್ತಿಗೆ ಐನೂರು, ಸಾವಿರ ಕೊಡಬೇಕಾಗಿಲ್ಲ. ಮಾಲು ಕಳಿಸುವ ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ಎರಡನೇದು, ಭಯ. ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಯಿತು. ಕಚೇರಿಯಾದರಂತೂ ಫೈಲೇ ಮಾಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಸುಮ್ಮನೆ ಹುಟ್ಟಿತೇ?

ಅಂಗಡಿಯವರಿಗೆ ಒಂದು ಕಹಿ ಸಂಗತಿಯನ್ನೂ ಹೇಳಿಬಿಡಬೇಕು. ಈ 45 ದಿನದ ರಕ್ಷಣೆ ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. 2021ರ ಜುಲೈನಲ್ಲಿ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಟ್ಟರು ನಿಜ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಕಚೇರಿಗೆ ಪೇಪರು, ಪೆನ್ನು, ಬಲ್ಬು ಕೊಟ್ಟು ಬಿಲ್ಲಿಗೆ ಅಲೆಯುವ ಅಂಗಡಿಕಾರ ಈ ಕಾಯ್ದೆಯ ಬಾಗಿಲಿನ ಹೊರಗೇ ನಿಂತಿದ್ದಾನೆ. ವರ್ತಕರ ಸಂಘಗಳು ಸನ್ಮಾನ ಸಮಾರಂಭ ಸ್ವಲ್ಪ ಕಡಿಮೆ ಮಾಡಿ ಈ ಬೇಡಿಕೆ ಹಿಡಿಯಲಿ.

ನಮ್ಮ ಗಲ್ಲಾವನ್ನೂ ನೋಡಿಕೊಳ್ಳೋಣ

ಸರ್ಕಾರವನ್ನು ಬೈಯೋದು ಸುಲಭ. ನಮ್ಮ ಪೇಟೆಯ ಕಡೆಗೂ ಒಂದಿಷ್ಟು ತಿರುಗಿ ನೋಡೋಣ. ಎಷ್ಟೋ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅನ್ನೋ ಬೋರ್ಡು ತೂಗಾಡುತ್ತೆ. ಆದರೆ ಅದೇ ಅಂಗಡಿಗೆ ಹಪ್ಪಳ, ಶೇಂಗಾ ಚಟ್ನಿ, ರೊಟ್ಟಿ ಕಟ್ಟು ತಂದುಕೊಡುವ ಹೆಣ್ಣುಮಗಳಿಗೆ ಏನಂತೀವಿ? ‘ಇಟ್ಟು ಹೋಗಮ್ಮ, ಖರ್ಚಾದ ಮೇಲೆ ನೋಡೋಣ.’ ಖರ್ಚಾದ ಮೇಲೆ ‘ಮುಂದಿನ ವಾರ ಬಾರಮ್ಮ.’ ಗಿರಾಕಿ ನಮಗೆ ನಗದು ಕೊಟ್ಟಾಗಿದೆ, ಫೋನಿನಲ್ಲಿ ದುಡ್ಡು ಬಿದ್ದ ಸದ್ದೂ ಆಗಿದೆ. ಆಕೆಯ ದುಡ್ಡು ಮಾತ್ರ ನಮ್ಮ ಗಲ್ಲಾದಲ್ಲಿ ತಿಂಗಳುಗಟ್ಟಲೆ ಮಲಗಿದೆ. ಆಕೆ ನೋಂದಣಿ ಮಾಡಿಸಿದ್ದರೆ ಆ 15 ದಿನ, 45 ದಿನದ ಕಾನೂನು ನಮಗೂ ಅನ್ವಯಿಸುತ್ತೆ ಅನ್ನೋದು ನೆನಪಿರಲಿ. ಕಲ್ಯಾಣ ಮಂಟಪದವರು, ಹೋಟೆಲಿನವರು, ಖಾಸಗಿ ಕಾಲೇಜಿನವರೂ ಇದನ್ನು ಓದಿಕೊಳ್ಳಲಿ.

ಹುಡುಗರಿಗೂ ನಾಲ್ಕು ಮಾತು

ಫಂಡಿಂಗ್‌ಗೆ ಕಾಯುತ್ತಾ ಕೂತ ತಮ್ಮಂದಿರೇ, ಬಂಡವಾಳಕ್ಕೆ ಹಳೇ ದಾರಿಗಳು ಇನ್ನೂ ಮುಚ್ಚಿಲ್ಲ. ಮೊದಲು ಒಬ್ಬ ಗಿರಾಕಿಯನ್ನು ಹುಡುಕಿ. ಅವನಿಂದ ಅರ್ಧ ಮುಂಗಡ ಕೇಳಿ. ದರ್ಜಿ ಕೇಳ್ತಾನೆ, ಶಾಮಿಯಾನದವನು ಕೇಳ್ತಾನೆ, ನಿಮಗೇಕೆ ನಾಚಿಕೆ? ಮುಂಗಡ ಕೊಡಲು ಯಾರೂ ಒಪ್ಪದಿದ್ದರೆ ನಿಮ್ಮ ಮಾಲು ಇನ್ನೂ ಅವರಿಗೆ ಬೇಕಾಗಿಲ್ಲ ಅಂತ ಅರ್ಥ. ಆ ಪಾಠ ಪುಕ್ಕಟೆಯಾಗಿ ಸಿಕ್ಕಿತು ಅಂದುಕೊಳ್ಳಿ.

ಎರಡನೇದು, ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ 8 ಸಾವಿರ ರೂಪಾಯಿ ಬಂಡವಾಳದಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಈ ಪದ್ಧತಿ ತಂದಿತು. ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುವುದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನೋ ಪದ ಮಾತ್ರ ನಮ್ಮ ಪೇಟೆಯಲ್ಲಿ ಉಳಿಯಿತು. ದಿನಕ್ಕೆ 100 ರೂಪಾಯಿ ಅಂದ್ರೂ ವರ್ಷಕ್ಕೆ 36,500. ಮೇಲಿನ ಲೆಕ್ಕದ ಹುಡುಗನ ಬಂಡವಾಳ ಹತ್ತಿರ ಹತ್ತಿರ ಬಂತಲ್ಲ! ಒಂದು ಎಚ್ಚರಿಕೆ: ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಬರೀ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಕಟ್ಟುವ ಮೊದಲು ಯಾವುದು ಬ್ಯಾಂಕು, ಯಾವುದು ಸಂಘ ಅಂತ ಕೇಳಿ.

ಮೂರನೇದು, ಸಾಲ ಬೇಕೇ ಬೇಕಾದರೆ ಬ್ಯಾಂಕಿನಲ್ಲಿ ಮುದ್ರಾ ಕೇಳಿ. 2015ರಲ್ಲಿ ಬಂದ ಯೋಜನೆ, ಅಡಮಾನವಿಲ್ಲದೆ 10 ಲಕ್ಷದವರೆಗೆ. ದೊಡ್ಡ ಮೊತ್ತ ತಗೊಂಡು ಸರಿಯಾಗಿ ತೀರಿಸಿದವರಿಗೆ 2024ರಲ್ಲಿ ಮಿತಿಯನ್ನು 20 ಲಕ್ಷಕ್ಕೆ ಏರಿಸಿದ್ದಾರೆ. ಮೀಟರ್ ಬಡ್ಡಿಯವರ ಬಾಗಿಲಿಗೆ ಮಾತ್ರ ಹೋಗಬೇಡಿ. ಸಾಲ ವಸೂಲಿಯ ಕಿರುಕುಳ ಮಿತಿಮೀರಿ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದಕ್ಕೆ ಮುಂಚೆ ಮನೆ ಬಿಟ್ಟವರು, ಜೀವ ಬಿಟ್ಟವರು ಎಷ್ಟು ಜನ ಅನ್ನೋದು ಪೇಪರ್ ಓದುವವರಿಗೆ ಗೊತ್ತು.

ನಾಲ್ಕನೇದು, ದಿನದ ಲೆಕ್ಕ ದಿನವೇ ಬರೀರಿ. ಯಾರು ಕೊಡಬೇಕು, ಎಷ್ಟು ದಿನವಾಯಿತು, ಎರಡೂ ಬರೀರಿ. ಸ್ವಂತ ದುಡ್ಡಿನ ಧಂದೆ ಮುಳುಗೋದು ನಷ್ಟದಿಂದಲೇ ಅಲ್ಲ. ಪುಸ್ತಕದಲ್ಲಿ ಲಾಭ ಇದ್ದೂ ಗಲ್ಲಾ ಖಾಲಿಯಾಗಿ ಮುಳುಗಿದವರು ಬಹಳ ಜನ.

ಕೊನೆಗೆ ಒಂದೇ ಬೇಡಿಕೆ

ಈ ಊರಿನ ಹತ್ತಿ ಗಿರಣಿಗಳು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ತಂದಿದ್ದವು. ಅವು ಮುಚ್ಚಿದವು. ಆಗ ಬೀದಿಗೆ ಬಿದ್ದ ಊರಿನಲ್ಲಿ ಅನ್ನ ಹುಟ್ಟಿಸಿದ್ದು ಸಣ್ಣ ಸಣ್ಣ ಅಂಗಡಿ, ಭಟ್ಟಿ, ಗಾಡಿ, ಖಾನಾವಳಿ. ಅವರಿಗೆ ಯಾರೂ ರತ್ನಗಂಬಳಿ ಹಾಸಲಿಲ್ಲ. ಈಗಲೂ ಅವರು ಕೇಳ್ತಿರೋದು ಅನುದಾನವಲ್ಲ, ತಮ್ಮದೇ ದುಡ್ಡು.

ಜಿಲ್ಲಾಡಳಿತಕ್ಕೆ ಖರ್ಚಿಲ್ಲದ ಒಂದು ಕೆಲಸ ಇದೆ. ಜಿಲ್ಲೆಯ ಪ್ರತಿ ಸರ್ಕಾರಿ ಕಚೇರಿ, ಹಾಸ್ಟೆಲ್, ಸ್ಥಳೀಯ ಸಂಸ್ಥೆಯ ಬಾಗಿಲಲ್ಲಿ ಒಂದು ಬೋರ್ಡು ಹಾಕಿಸಲಿ. ಬಿಲ್ಲು ಬಂದ ದಿನಾಂಕ, ಪಾವತಿಯಾದ ದಿನಾಂಕ, 45 ದಿನ ಮೀರಿದ ಬಿಲ್ಲುಗಳೆಷ್ಟು. ತಿಂಗಳಿಗೊಮ್ಮೆ ಅಳಿಸಿ ಬರೆಯಲಿ. ಹೂಡಿಕೆದಾರರ ಸಮಾವೇಶಕ್ಕೆ ಹಾಕುವ ಶಾಮಿಯಾನದ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲೂ ಬೇಕಾಗೋದಿಲ್ಲ. ಅಂದಹಾಗೆ, ಆ ಶಾಮಿಯಾನದವನ ಬಿಲ್ಲಾದರೂ ಹೊತ್ತಿಗೆ ಪಾಸಾಗುತ್ತದೆಯೇ?

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?